ತಂಗಿ ಮಗನಿಗೆ ಮೂರೂವರೆ ತಿಂಗಳ ಸೂಜಿಯಿಂದ ಮುಂದಿನವು ಎಲ್ಲ ಬಾಕಿ, ಮತ್ತೆ ಮೊದಲಿಂದ ಹಾಕಿಸಬೇಕಾ?

ಸೋದರಮಾವ, ಹಳೇ ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ತಂಗಿ ಮಗನಿಗೆ ಈಗ 14 ತಿಂಗಳು. ಚೊಚ್ಚಲ ಹೆರಿಗೆ ಅಂತ ತವರಿಗೆ ಬಂದಿದ್ದಳು, ರೋಣದಲ್ಲಿ ನಮ್ಮ ಅವ್ವನ ಹತ್ತಿರ ಬಾಣಂತನ ಆಯಿತು. ಆಮೇಲೆ ಗಂಡನ ಕೆಲಸದ ಸಲುವಾಗಿ ಗೋವಾಕ್ಕೆ ಹೋದರು, ಈಗ ಹುಬ್ಬಳ್ಳಿಗೆ ಬಂದು ನಮ್ಮ ಓಣಿಯಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ.

ತಾಯಿ ಕಾರ್ಡ್ ತೆಗೆದು ನೋಡಿದೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಆಗಿವೆ. ದೀಡ್ ತಿಂಗಳದ್ದು, ಎರಡೂವರೆ ತಿಂಗಳದ್ದು ಆಗಿವೆ. ಅಲ್ಲಿಂದ ಮುಂದೆ ಎಲ್ಲ ಖಾಲಿ. ಎರಡೂವರೆ ತಿಂಗಳ ಸೂಜಿ ಆದ ರಾತ್ರಿ ಮಗುವಿಗೆ ಮೈ ಕಾದು, ತೊಡೆ ಗಟ್ಟಿಯಾಗಿ, ಬಿಟ್ಟು ಬಿಟ್ಟು ಅತ್ತಿತ್ತಂತೆ. ಆಮೇಲೆ ತಂಗಿಯ ಅತ್ತೆ "ಹಾಕಿಸಿದ್ದು ಸಾಕು, ಮಗು ಸೊರಗುತ್ತದೆ" ಅಂದರು. ಪಲ್ಸ್ ಪೋಲಿಯೋ ಭಾನುವಾರ ಹನಿ ಹಾಕಿಸಿದ್ದೀವಲ್ಲ ಅಂತಾನೂ ಹೇಳುತ್ತಾರೆ. ಇನ್ನೊಬ್ಬರು, ಇಷ್ಟು ತಡ ಆದರೆ ಎಲ್ಲವನ್ನೂ ಮೊದಲಿಂದ ಹಾಕಿಸಬೇಕು ಅಂತ ಹೆದರಿಸಿದ್ದಾರೆ. ಇದು ನಿಜವಾ? ಕಾರ್ಡ್ ರೋಣದ್ದು, ಇಲ್ಲಿ ಹಾಕುತ್ತಾರಾ?

ಹಾವೇರಿ ಕಡೆಯ ಸಿಸ್ಟರ್:

ಅಣ್ಣಾರೇ, ಮೊದಲಿಂದ ಬೇಡವೇ ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುವುದು, ಅಷ್ಟೇ. ಹಾಕಿಸಿದ ಡೋಸ್ ಯಾವತ್ತೂ ವ್ಯರ್ಥ ಆಗುವುದಿಲ್ಲ. ತಡ ಆಗಿದ್ದರಿಂದ ಆದ ನಷ್ಟ ಒಂದೇ, ಇಷ್ಟು ದಿನ ಮಗುವಿಗೆ ಪೂರ್ತಿ ರಕ್ಷಣೆ ಇರಲಿಲ್ಲ. ಅದಕ್ಕೇ ಇನ್ನು ತಡ ಮಾಡಬೇಡಿ ಅಂತ ಕಳಕಳಿಯಿಂದ ಹೇಳುತ್ತಿದ್ದೇನೆ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾ ಅನ್ನುವುದು ಒಂದೇ ಸೂಜಿಯಲ್ಲಿ ಐದು ರೋಗಕ್ಕೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಮತ್ತೆ ನ್ಯುಮೋನಿಯಾ, ಮೆದುಳುಪೊರೆ ಉರಿತ ತರುವ ಹಿಬ್ ರೋಗಾಣು. ಮೊದಲ ಡೋಸ್ ವರ್ಷದೊಳಗೆ ಆಗಿರುವುದರಿಂದ ಮೂರನೇದನ್ನು ಈಗಲೂ ಹಾಕುತ್ತಾರೆ. ಪೋಲಿಯೋ ಹನಿಯ ಬಾಕಿ ಡೋಸ್ ಇದ್ದೇ ಇವೆ. ಪೋಲಿಯೋ ಸೂಜಿ, ಭೇದಿ ತಡೆಯುವ ರೋಟಾ, ನ್ಯುಮೋನಿಯಾದ ಪಿಸಿವಿಯಲ್ಲಿ ಏನು ಉಳಿದಿದೆ, ಯಾವಾಗ ಕೊಡಬೇಕು ಅಂತ ಸಿಸ್ಟರ್ ಕಾರ್ಡ್ ನೋಡಿ ಹೇಳುತ್ತಾರೆ. ವಿಟಮಿನ್ ಎ ಸಿರಪ್ ಕೂಡ ಕೇಳಿ.

ಎಲ್ಲಕ್ಕಿಂತ ಅರ್ಜೆಂಟ್ ಅಂದರೆ 9 ತಿಂಗಳಿಗೆ ಆಗಬೇಕಿದ್ದ ಎಂಆರ್, ಅಂದರೆ ದಡಾರ-ರುಬೆಲ್ಲಾದ್ದು. ಎರಡನೇ ಎಂಆರ್ ಹೇಗೂ 16 ತಿಂಗಳ ಮೇಲೆ, ನಡುವೆ ಕನಿಷ್ಠ 4 ವಾರ ಅಂತರ ಇದ್ದರೆ ಸಾಕು, ಆದ್ದರಿಂದ ನಿಮ್ಮ ಹುಡುಗ ಅದರಲ್ಲಿ ಬೇಗ ಸರಿ ಹೋಗುತ್ತಾನೆ. ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ) ಬೂಸ್ಟರ್ ಮಾತ್ರ ಮೂರನೇ ಪೆಂಟಾ ಆಗಿ 6 ತಿಂಗಳಾದ ಮೇಲೆ.

ಪಲ್ಸ್ ಪೋಲಿಯೋ ಹನಿ ಹೆಚ್ಚುವರಿ. ಅದು ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ, ದಡಾರ, ನಾಯಿಕೆಮ್ಮಿಗಂತೂ ಅದಕ್ಕೂ ಸಂಬಂಧವೇ ಇಲ್ಲ.

ಕಾರ್ಡ್ ಯಾವ ಊರಿನದಾದರೂ ನಡೆಯುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ. ಒಂದು ಮಾತು: ಆ ರಾತ್ರಿ ಮೂರು ತಾಸಿಗಿಂತ ಜಾಸ್ತಿ ನಿಲ್ಲಿಸದೆ ಅತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದರೆ ಸೂಜಿಗೆ ಮೊದಲೇ ಡಾಕ್ಟರಿಗೆ ಹೇಳಿ. ಬರೀ ಜ್ವರ, ತೊಡೆ ನೋವು ಆಗಿದ್ದರೆ ಏನೂ ಅಡ್ಡಿ ಇಲ್ಲ.

ಧಾರವಾಡದ ಅವ್ವ:

ತಂಗಿಯ ಅತ್ತೆಯವರ ಮೇಲೆ ಸಿಟ್ಟಾಗಬೇಡಿ ಅಣ್ಣಾ. ಮೊಮ್ಮಗ ರಾತ್ರಿಯೆಲ್ಲ ನರಳಿದರೆ ಯಾವ ಅಜ್ಜಿಗೆ ಕರುಳು ಚುರ್ ಅನ್ನುವುದಿಲ್ಲ? ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾನು ವಾದ ಮಾಡಲಿಲ್ಲ, ಮುಂದಿನ ಸಲ ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಹೋದೆ. ಅಲ್ಲಿ ಸಿಸ್ಟರ್ ಅವರನ್ನು ಕೂರಿಸಿ, ಈ ಜ್ವರ ಒಂದೆರಡು ದಿನದ್ದು, ಔಷಧಿ ಮೈಗೆ ಹತ್ತುತ್ತಿದೆ ಅಂತ ಅರ್ಥ, ನಾಯಿಕೆಮ್ಮಿನ ಅಂಶ ಇರುವುದರಿಂದ ಪೆಂಟಾಕ್ಕೆ ಸ್ವಲ್ಪ ಜಾಸ್ತಿ ಬರುತ್ತದೆ ಅಂತ ಬಿಡಿಸಿ ಹೇಳಿದರು. ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಎಷ್ಟು ಕೊಡಬೇಕು ಅಂತ ಹೇಳಿ ಅವರ ಕೈಗೇ ಕೊಟ್ಟು ಕಳಿಸಿದರು. ಮರುದಿನದಿಂದ ಓಣಿಯ ಬೇರೆ ಸೊಸೆಯಂದಿರಿಗೆ ಬುದ್ಧಿ ಹೇಳುವವರು ನಮ್ಮ ಅತ್ತೆಯೇ!

ಸೂಜಿ ಹಾಕಿದ ಜಾಗಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ತಿಕ್ಕಬೇಡಿ. ತಣ್ಣೀರಲ್ಲಿ ಅದ್ದಿದ ಸ್ವಚ್ಛ ಬಟ್ಟೆ ಇಟ್ಟರೆ ಸಾಕು. ಎದೆಹಾಲು ಯಾವಾಗಿನಂತೆ ಕುಡಿಸಲಿ.

ಇನ್ನು ದಡಾರದ ವಿಷಯ. ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಬೇವಿನ ತಪ್ಪಲು ಇಟ್ಟು ಮಲಗಿಸಿದರೆ ತಾನೇ ಹೋಗುತ್ತದೆ ಅನ್ನುವ ಮಾತು ಇನ್ನೂ ಇದೆ. ದಯವಿಟ್ಟು ಅದನ್ನು ನಂಬಿ ಕೂರಬೇಡಿ. ಬಹಳ ಮಕ್ಕಳಿಗೆ ಹೋಗುತ್ತದೆ, ಆದರೆ ನ್ಯುಮೋನಿಯಾ, ಭೇದಿ, ಕಣ್ಣಿಗೆ ಪೆಟ್ಟು, ಮೆದುಳಿಗೆ ಬಾವು, ಇವೆಲ್ಲ ಅದರ ಹಿಂದೆಯೇ ಬರಬಹುದು. ಬೇರೆ ರೋಗಗಳ ವಿರುದ್ಧ ಮೈ ಗಳಿಸಿದ ಶಕ್ತಿಯನ್ನೂ ಅದು ಅಳಿಸಿಬಿಡಬಹುದು. ಹರಡುವುದೂ ಹಾಗೆಯೇ, ಒಂದು ಮಗುವಿಗೆ ಬಂದರೆ ಹತ್ತಿರ ಇರುವ ರಕ್ಷಣೆಯಿಲ್ಲದ 10 ಜನರಲ್ಲಿ 9 ಜನಕ್ಕೆ ಅಂಟಬಹುದು.

ಸೋದರಮಾವ, ಹಳೇ ಹುಬ್ಬಳ್ಳಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಕ್ಕಾರೇ. ಎರಡು ಸಂಶಯ. ಒಂದೇ ದಿನ ಮೂರ್ನಾಲ್ಕು ಸೂಜಿ ಅಂದರೆ ಅಷ್ಟು ಸಣ್ಣ ಮಗುವಿಗೆ ತಡೆಯುತ್ತಾ? ಮತ್ತೆ ತಂಗಿ ಗಂಡ, ಸರ್ಕಾರಿ ಔಷಧಿ ಕೆಟ್ಟಿರುತ್ತದೆ, ಪ್ರೈವೇಟ್‌ಗೆ ಹೋಗೋಣ ಅನ್ನುತ್ತಾರೆ.

ಹಾವೇರಿ ಕಡೆಯ ಸಿಸ್ಟರ್:

ತಡೆಯುತ್ತದೆ. ಜಾಗ ಬೇರೆ ಬೇರೆ ಇರುತ್ತದೆ, ಪೆಂಟಾ ಎಡ ತೊಡೆಗೆ, ಎಂಆರ್ ಬಲ ತೋಳಿಗೆ, ಹೀಗೆ. ಅಳುವುದು ಒಂದೇ ದಿನಕ್ಕೆ ಮುಗಿಯುತ್ತದೆ, ನಾಲ್ಕು ಸಲ ಕೂಲಿ ಬಿಟ್ಟು ಓಡಾಡುವುದೂ ತಪ್ಪುತ್ತದೆ. ನೆಗಡಿ, ಸಣ್ಣ ಕೆಮ್ಮು ಇದೆ ಅಂತಾನೂ ಮುಂದೂಡಬೇಡಿ.

ಔಷಧಿ ಕೆಟ್ಟಿದೆಯೋ ಇಲ್ಲವೋ ನೀವೇ ಕಣ್ಣಾರೆ ನೋಡಬಹುದು. ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಒಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಚೌಕದ ಬಣ್ಣ ಹೊರಗಿನಷ್ಟೇ ಗಾಢವಾದರೆ ನಾವೇ ಅದನ್ನು ಬಳಸುವುದಿಲ್ಲ. ತೋರಿಸಿ ಅಂತ ಕೇಳಿ, ಯಾವ ಸಿಸ್ಟರೂ ಬೇಜಾರಾಗುವುದಿಲ್ಲ. ಪ್ರೈವೇಟ್‌ನಲ್ಲಿ ಹಾಕಿಸಿದರೂ ತಪ್ಪಿಲ್ಲ, ಆದರೆ ಅದನ್ನೂ ಇದೇ ಕಾರ್ಡಿನಲ್ಲಿ ಬರೆಸಿ.

ಗುರುವಾರ ಹೋಗಿ, ನಮ್ಮಲ್ಲಿ ಲಸಿಕೆ ದಿನ ಅದೇ. ಎಂಆರ್ ಪುಡಿಯಾಗಿ ಬರುತ್ತದೆ, ನೀರು ಬೆರೆಸಿದ ಮೇಲೆ 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹಾಗಾಗಿ ಬೇರೆ ದಿನ ಹೋದರೆ ಮುಂದಿನ ವಾರ ಬನ್ನಿ ಅನ್ನಬಹುದು. ಚಿಟಗುಪ್ಪಿ ಆಸ್ಪತ್ರೆ ಇದೆ, ಕಿಮ್ಸ್ (ಈಗ ಕೆಎಂಸಿ-ಆರ್‌ಐ ಅನ್ನುವ ಸರ್ಕಾರಿ ಆಸ್ಪತ್ರೆ) ಇದೆ, ನಿಮ್ಮ ಓಣಿಯ ಆಶಾ ಅಕ್ಕನನ್ನು ಕೇಳಿದರೆ ಅಂಗನವಾಡಿಯಲ್ಲಿ ಯಾವಾಗ ಹಾಕುತ್ತಾರೆ ಅಂತಾನೂ ಹೇಳುತ್ತಾರೆ. ಸೂಜಿ ಆದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ.

ಗದಗ ಬೆಟಗೇರಿಯವ:

ಮೆದುಳು ಜ್ವರದ ಜೆಇ ಲಸಿಕೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇದು ಸೊಳ್ಳೆಯಿಂದ ಬರುವ ರೋಗ, ಲಸಿಕೆ ಎಲ್ಲ ಜಿಲ್ಲೆಗಳಲ್ಲೂ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ನಮ್ಮ ಗದಗ, ಹಾವೇರಿ ಸೇರಿ ಕೆಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲೇ ಅಭಿಯಾನ ಮಾಡಿ ಹಾಕಿದರು. ನಿಮ್ಮ ಹುಡುಗ ಆಮೇಲೆ ಹುಟ್ಟಿದವನು, ಹಾಗಾಗಿ ಇದನ್ನೂ ಬಾಯಿಬಿಟ್ಟು ಕೇಳಿ.

ಕೆಲಸಕ್ಕೆ ಗೋವಾ, ಪುಣೆ ಅಂತ ಓಡಾಡುವ ಮನೆಗಳಲ್ಲಿ ಕಾರ್ಡ್ ಕಳೆಯುವುದು ಜಾಸ್ತಿ. ಇವತ್ತೇ ಫೋಟೋ ತೆಗೆದು ಮನೆಯ ಎಲ್ಲರ ವಾಟ್ಸಾಪ್‌ಗೆ ಹಾಕಿಡಿ. ಯು-ವಿನ್ ಅನ್ನುವ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಲ್ಲಿ ಮಗುವಿನ ಹೆಸರು ನೋಂದಣಿ ಮಾಡಿಸಿದರೆ ಬೇರೆ ರಾಜ್ಯದಲ್ಲೂ ದಾಖಲೆ ಸಿಗುತ್ತದೆ, ಗುರುವಾರ ಹೋದಾಗ ಅದನ್ನೂ ಮಾಡಿಸಿಬಿಡಿ.

ಇನ್ನೊಂದು, ಎರಡು ವರ್ಷ ಆದ ಮೇಲೆ ಬಹಳ ಜನ ಕಾರ್ಡನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. 5ರಿಂದ 6 ವರ್ಷದ ನಡುವೆ ಇನ್ನೊಂದು ಡಿಪಿಟಿ ಇದೆ, ಆಮೇಲೆ 10ಕ್ಕೆ, 16ಕ್ಕೆ ಟಿಡಿ, ಅಂದರೆ ಧನುರ್ವಾಯು-ಗಂಟಲಮಾರಿಯದು. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಬೇರೆ ಮಕ್ಕಳಿದ್ದರೆ ಅವರ ಕಾರ್ಡನ್ನೂ ಅವತ್ತೇ ತೆಗೆದುಕೊಂಡು ಹೋಗಿ ತೋರಿಸಿ.