ಡೋಸ್ ಇಳಿಸಿದ ಮೇಲೆ ಟಿಎಸ್‌ಎಚ್ ನಾರ್ಮಲ್, ಆದರೂ ಸುಸ್ತು ಬಿಟ್ಟಿಲ್ಲ. ಟಿ3 ಮಾತ್ರೆ ಕೇಳಬೇಕೇ?

ತುಂಗಾತೀರ

ಅಕ್ಕನಿಗೆ 36 ವರ್ಷ, ತೂಕ 62 ಕೆ.ಜಿ. ಹಾಶಿಮೋಟೊ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆ) ಇದೆ. ಥೈರಾಕ್ಸಿನ್ (ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ) 100 ಎಂಸಿಜಿಯಲ್ಲಿ ಆರಾಮಾಗಿದ್ದಳು. ಈ ವರ್ಷ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದರೆ ಏರುವ, ಹೆಚ್ಚಾದರೆ ಇಳಿಯುವ ಅಳತೆ) 0.2 ಬಂತೆಂದು 75ಕ್ಕೆ ಇಳಿಸಿದರು. ಈಗ ಟಿಎಸ್‌ಎಚ್ 2.1, ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) 1.6. ರಿಪೋರ್ಟ್ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಮೈಕೈ ನೋವು ಎಲ್ಲ ಮತ್ತೆ ಶುರುವಾಗಿದೆ. ಮುಟ್ಟಿನ ಸ್ರಾವವೂ ಜಾಸ್ತಿ.

ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ಆಸಿಡಿಟಿಯ ಪ್ಯಾಂಟೊಪ್ರಜೋಲ್ 40. 6:15ಕ್ಕೆ ಕಾಫಿ. 8:30ಕ್ಕೆ ತಿಂಡಿ, ತಿಂಡಿ ಆದಮೇಲೆ ಕ್ಯಾಲ್ಸಿಯಂ. ರಾತ್ರಿ ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) 10 ಮಿ.ಗ್ರಾಂ. ಟಿ3 (ಥೈರಾಯ್ಡಿನ ಇನ್ನೊಂದು ಹಾರ್ಮೋನ್) ಸೇರಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಕೇಳಬೇಕೇ?

ಲ್ಯಾಬ್_ದಾವಣಗೆರೆ

ಟಿ3 ವಿಷಯ ಸದ್ಯಕ್ಕೆ ಬದಿಗಿಡಿ. ನನ್ನ ಕಣ್ಣು ಹೋಗಿದ್ದು ಆ ಬಯೋಟಿನ್ ಮೇಲೆ. ಅದು ಶುರುವಾದದ್ದು 0.2 ಬರುವುದಕ್ಕೆ ಮುಂಚೆಯೋ, ಆಮೇಲೋ? ಮೊದಲು ನೋಡಬೇಕಾದದ್ದು ಇದನ್ನು.

ಅನೇಕ ಲ್ಯಾಬ್ ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆ ನಡೆಯುವುದೇ ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಅಂಟಿಕೊಳ್ಳುವ ಗುಣದ ಮೇಲೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಜಾಗ ಅದರ ಪಾಲಾಗುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಫ್ರೀ ಟಿ4 ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಕಾಗದದ ಮೇಲೆ ಡೋಸ್ ಹೆಚ್ಚಾದಂತೆಯೇ ಇರುತ್ತದೆ, ಡಾಕ್ಟರು ಇಳಿಸುತ್ತಾರೆ, ರೋಗಿ ಸೊರಗುತ್ತಾರೆ. 75ಕ್ಕೆ ಇಳಿಸಿದ ಮೇಲೂ ಫ್ರೀ ಟಿ4 1.6ರಷ್ಟು ಮೇಲೆ ಇದ್ದು, ಲಕ್ಷಣಗಳು ಮಾತ್ರ ಥೈರಾಕ್ಸಿನ್ ಸಾಲದವರ ಹಾಗಿದ್ದರೆ ಸಂಶಯಪಡಲೇಬೇಕು. ಎಲ್ಲ ಯಂತ್ರಗಳಿಗೂ ಈ ತೊಂದರೆ ಇಲ್ಲ, ಹಾಗಾಗಿ ನಿಮ್ಮ ಲ್ಯಾಬಿನಲ್ಲೇ ವಿಚಾರಿಸಿ.

ಬಯೋಟಿನ್ ಕನಿಷ್ಠ 2 ದಿನ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. 10 ಮಿ.ಗ್ರಾಂನಷ್ಟು ತೆಗೆದುಕೊಳ್ಳುವವರು ಒಂದು ವಾರ ಬಿಟ್ಟರೆ ಯೋಚನೆಯೇ ಇಲ್ಲ. ಮಲ್ಟಿವಿಟಮಿನ್, ಕೂದಲು-ಉಗುರಿನ ಗಮ್ಮಿಗಳ ಹಿಂದಿನ ಚೀಟಿಯನ್ನೂ ಓದಿ, ಅದರಲ್ಲೂ ಇರುತ್ತದೆ. ರಕ್ತ ಕೊಡುವ ದಿನ ಥೈರಾಯ್ಡ್ ಮಾತ್ರೆ ನುಂಗುವುದು ರಕ್ತ ಕೊಟ್ಟಮೇಲೆ. ನುಂಗಿದ 2ರಿಂದ 4 ಗಂಟೆಯಲ್ಲಿ ಫ್ರೀ ಟಿ4 ಏರಿರುತ್ತದೆ. ಟಿಎಸ್‌ಎಚ್ ಕೂಡ ಬೆಳಗಿನ ಜಾವ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಅದೇ ಲ್ಯಾಬ್, ಅದೇ ಹೊತ್ತು ಆದರೆ ಮಾತ್ರ ಹಳೇ ರಿಪೋರ್ಟಿಗೆ ಹೋಲಿಸಬಹುದು.

ಔಷಧಿ_ಅಂಗಡಿ

ಮಾತ್ರೆ ಹೊಟ್ಟೆಗೆ ಹೋಗುವುದು ಬೇರೆ, ರಕ್ತಕ್ಕೆ ಸೇರುವುದು ಬೇರೆ. ಈ ದಿನಚರಿಯಲ್ಲಿ ಮೂರು ಕಡೆ ಸೋರಿಕೆ ಇದೆ.

ಕಾಫಿಗೆ 15 ನಿಮಿಷ ಸಾಲದು. ಬರೀ ನೀರಲ್ಲಿ ನುಂಗಿ, ಮುಕ್ಕಾಲರಿಂದ ಒಂದು ಗಂಟೆ ಬೇರೇನೂ ಬೇಡ, ಸಕ್ಕರೆ ಇಲ್ಲದ ಕರಿ ಕಾಫಿಯೂ ಬೇಡ. ಕ್ಯಾಲ್ಸಿಯಂಗೆ 4 ಗಂಟೆ ಅಂತರ ಬೇಕು. ಈಗಿರುವ ಎರಡೂವರೆ ಗಂಟೆ ಸಾಲದು, ಅದನ್ನು ರಾತ್ರಿ ಊಟಕ್ಕೆ ತಳ್ಳಿ. ಕಬ್ಬಿಣದ ಮಾತ್ರೆ, ಆಂಟಾಸಿಡ್‌ಗೂ ಇದೇ ನಿಯಮ.

ಪ್ಯಾಂಟೊಪ್ರಜೋಲ್ ಲೆಕ್ಕ ಬೇರೆ. ಅದು ಜಠರದ ಆಮ್ಲವನ್ನು ದಿನವಿಡೀ ತಗ್ಗಿಸುತ್ತದೆ, ಮಾತ್ರೆ ಕರಗುವುದಕ್ಕೆ ಆ ಆಮ್ಲವೇ ಬೇಕು. ಆದ್ದರಿಂದ ಹೊತ್ತು ಬದಲಿಸಿ ಪ್ರಯೋಜನವಿಲ್ಲ. ಅದು ನಿಜಕ್ಕೂ ಬೇಕೇ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಬೇಕೇ ಬೇಕು ಎಂದಾದರೆ ಅದಕ್ಕೆ ತಕ್ಕಂತೆ ಥೈರಾಕ್ಸಿನ್ ಡೋಸ್ ಹೊಂದಿಸಬೇಕಾಗುತ್ತದೆ. ಬೆಳಗಿನ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ ಮಾತ್ರೆ ತೆಗೆದುಕೊಳ್ಳಬಹುದು. ಆಗ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಬರಬೇಕು.

ಇನ್ನು ಬಾಟಲಿ. 100 ಮಾತ್ರೆಯ ಬಾಟಲಿ ಒಲೆಯ ಪಕ್ಕದ ಶೆಲ್ಫಿನಲ್ಲಿ ಮೂರು ತಿಂಗಳು ಕೂತರೆ, ದಿನಾ ಮುಚ್ಚಳ ತೆಗೆದಾಗ ಬಿಸಿ ಹಬೆಯೂ ಒಳಗೆ ಹೋಗುತ್ತದೆ. ತೇವ, ಬಿಸಿ, ಬೆಳಕು ಮೂರೂ ಥೈರಾಕ್ಸಿನ್‌ಗೆ ಆಗಿಬರುವುದಿಲ್ಲ. ಮೂಲ ಬಾಟಲಿಯಲ್ಲೇ ಇಡಿ, ಮಲಗುವ ಕೋಣೆಯ ಬೀರು ಒಳ್ಳೆಯದು. ಕಂಪನಿ ಬದಲಾದರೆ 6 ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ಎಲೆಕೋಸು, ಹೂಕೋಸು ಬಿಡಿಸುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಬೇಯಿಸಿ ಹದವಾಗಿ ತಿಂದರೆ ಏನೂ ಆಗದು.

ಎಂಡಿ_ಮೈಸೂರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಅದೇ ರಕ್ತದಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಬಿ12, ವಿಟಮಿನ್ ಡಿ, ಸಕ್ಕರೆಯನ್ನೂ ಸೇರಿಸಿ. ಸ್ರಾವ ಹೆಚ್ಚಿರುವವರಲ್ಲಿ ಹಿಮೋಗ್ಲೋಬಿನ್ 12 ಇದ್ದರೂ ಫೆರಿಟಿನ್ ತಳ ಕಂಡಿರಬಹುದು. ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದೇ ತಿಳಿಯಬೇಕು. ಸುಸ್ತು, ಕೂದಲು ಉದುರುವುದು ಎರಡಕ್ಕೂ ಅದೊಂದೇ ಸಾಕು. ಥೈರಾಯ್ಡ್ ಸಾಲದಾದರೆ ಸ್ರಾವ ಹೆಚ್ಚುತ್ತದೆ, ಸ್ರಾವ ಹೆಚ್ಚಿದರೆ ಕಬ್ಬಿಣ ಇಳಿಯುತ್ತದೆ. ಹಾಶಿಮೋಟೊ ಇರುವ ಕೆಲವರಿಗೆ ಜಠರದ ಒಳಪದರವೂ ಸವೆದಿರುತ್ತದೆ. ಅವರಲ್ಲಿ ಕಬ್ಬಿಣ, ಬಿ12, ಥೈರಾಕ್ಸಿನ್ ಮೂರೂ ಸರಿಯಾಗಿ ಹೀರುವುದಿಲ್ಲ. ಹೊಟ್ಟೆಯುಬ್ಬರ, ಭೇದಿಯೂ ಇದ್ದರೆ ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದೆ ಕರುಳು ಹಾಳಾಗುವ ಕಾಯಿಲೆ) ಪರೀಕ್ಷೆ ಮಾಡಿಸಬೇಕು. ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವುದು) ನೆನಪಿರಲಿ.

ಒಂದು ಎಚ್ಚರಿಕೆ. ತೂಕ ಇಳಿಯುತ್ತಿದ್ದು, ಅಂಗೈ ಗೆರೆ ಕಪ್ಪಾಗುತ್ತಿದ್ದು, ಎದ್ದು ನಿಂತರೆ ತಲೆ ಸುತ್ತುತ್ತಿದ್ದರೆ ಡೋಸ್ ಏರಿಸುವ ಮೊದಲು ಬೆಳಿಗ್ಗೆ 8ರ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ನೋಡಲೇಬೇಕು. ಅಡ್ರಿನಲ್ ಗ್ರಂಥಿ ಸೋತಿದ್ದಾಗ ಥೈರಾಕ್ಸಿನ್ ಏರಿಸುವುದು ಪ್ರಾಣಕ್ಕೇ ಅಪಾಯ.

ಟಿ3 ಬಗ್ಗೆ: ದೇಹದ ಟಿ3ಯಲ್ಲಿ ಸುಮಾರು ಶೇ. 80 ಹುಟ್ಟುವುದು ಗ್ರಂಥಿಯ ಹೊರಗೆ, ಟಿ4 ಪರಿವರ್ತನೆಯಾಗಿ. ಟಿಎಸ್‌ಎಚ್ ನಿಜವಾಗಿಯೂ ನಾರ್ಮಲ್ ಇದ್ದು ಲಕ್ಷಣ ಉಳಿಯುವವರು ಶೇ. 5ರಿಂದ 10ರಷ್ಟು ಇದ್ದಾರೆ, ಅವರ ಕಷ್ಟ ಸುಳ್ಳಲ್ಲ. ಆದರೆ ಟಿ4 ಜೊತೆ ಟಿ3 ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಒಟ್ಟಾರೆ ಖಚಿತ ಲಾಭ ಕಂಡಿಲ್ಲ. ಪ್ರಮಾಣ ಮೀರಿದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಬಸಿರಿನಲ್ಲಿ ಅದು ಬೇಡವೇ ಬೇಡ. ಉಳಿದದ್ದೆಲ್ಲ ನೋಡಿಯಾದ ಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಕೈಕೆಳಗೆ 3ರಿಂದ 6 ತಿಂಗಳು ಪ್ರಯತ್ನಿಸುವ ಸಂಗತಿ ಅದು.

ತುಂಗಾತೀರ

ತುಂಬಾ ಉಪಕಾರವಾಯಿತು. ಬಯೋಟಿನ್ ಶುರು ಮಾಡಿದ್ದು 0.2 ಬರುವ ಮೊದಲೇ. ಒಂದು ವಾರ ನಿಲ್ಲಿಸಿ ರಕ್ತ ಕೊಟ್ಟೆವು: ಟಿಎಸ್‌ಎಚ್ 9.4, ಫ್ರೀ ಟಿ4 0.9, ಫೆರಿಟಿನ್ 11, ಬಿ12 310. ತೂಕ ಇಳಿದಿಲ್ಲ, ತಲೆ ಸುತ್ತೂ ಇಲ್ಲ. ಡಾಕ್ಟರು 100ಕ್ಕೆ ವಾಪಸ್ ಹಾಕಿದ್ದಾರೆ, ಕಬ್ಬಿಣದ ಮಾತ್ರೆಯನ್ನೂ ಬರೆದಿದ್ದಾರೆ. ಎರಡನ್ನೂ ಒಟ್ಟಿಗೆ ಶುರು ಮಾಡಬಹುದೇ?

ಎಂಡಿ_ಮೈಸೂರು

ಮಾಡಬಹುದು. ಥೈರಾಕ್ಸಿನ್ ಬೆಳಿಗ್ಗೆ, ಕಬ್ಬಿಣ ಸಂಜೆ 5ರ ಸುಮಾರಿಗೆ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಕಬ್ಬಿಣದ ಹತ್ತಿರ ಕಾಫಿ, ಟೀ, ಹಾಲು ಬೇಡ, ನಿಂಬೆ ಶರಬತ್ತು ಆಗಬಹುದು. ಹೊಟ್ಟೆಗೆ ಒಗ್ಗದಿದ್ದರೆ ದಿನ ಬಿಟ್ಟು ದಿನ ಕೊಡುವ ಬಗ್ಗೆ ಡಾಕ್ಟರನ್ನು ಕೇಳಿ. ಹಾಗೆ ಕೊಟ್ಟಾಗಲೂ ಅದು ಚೆನ್ನಾಗಿ ಹೀರುತ್ತದೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು 3 ತಿಂಗಳು ಮುಂದುವರಿಸಬೇಕು, ಇಲ್ಲದಿದ್ದರೆ ದಾಸ್ತಾನು ತುಂಬುವುದಿಲ್ಲ.

ಥೈರಾಕ್ಸಿನ್‌ನ ಅರ್ಧಾಯುಷ್ಯ (ಅದು ದೇಹದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಸುಮಾರು 7 ದಿನ. ಆದ್ದರಿಂದ 6ರಿಂದ 8 ವಾರಕ್ಕೆ ಮುಂಚೆ ಟಿಎಸ್‌ಎಚ್ ನೋಡಿ ಡೋಸ್ ಅಲುಗಾಡಿಸಬೇಡಿ. ಈ ಸಲ ಕಾಫಿ, ಕ್ಯಾಲ್ಸಿಯಂ ಹೊತ್ತನ್ನೂ ಸರಿಪಡಿಸಿರುವುದರಿಂದ 100 ಸ್ವಲ್ಪ ಹೆಚ್ಚಾಗಲೂಬಹುದು. ನಡುವೆ ಎದೆ ಹಾರಿದಂತಾದರೆ, ಕೈ ನಡುಗಿದರೆ ಕಾಯದೆ ತೋರಿಸಿ. ಸುಸ್ತು ವಾರಗಳಲ್ಲಿ ಇಳಿಯುತ್ತದೆ, ಕೂದಲಿಗೆ 3ರಿಂದ 6 ತಿಂಗಳು ಬೇಕು. ಮುಟ್ಟು ನಿಂತು ಬಸಿರು ಖಚಿತವಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಲಿ. ವಾರಕ್ಕೆ 7ರ ಬದಲು 9 ಮಾತ್ರೆ ಮಾಡಿ ತಕ್ಷಣ ಏರಿಸುವುದು ವಾಡಿಕೆ, ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯುವುದಲ್ಲ.