ಫ್ರೇಮ್‌ಗಳ ಸರಾಸರಿ ತೆಗೆದರೂ ಅಲ್ಟ್ರಾಸೌಂಡ್ ಚಿತ್ರದ ಸ್ಪೆಕಲ್ ಹೋಗುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಅಂಗಾಂಶವನ್ನು ಹೋಲುವ ಫ್ಯಾಂಟಮ್ ಮೇಲೆ 5 ಮೆಗಾಹರ್ಟ್ಸ್ ಲೀನಿಯರ್ ಪ್ರೋಬ್ ಇಟ್ಟು ದತ್ತಾಂಶ ಸಂಗ್ರಹಿಸಿದ್ದೇನೆ. ಸ್ಯಾಂಪ್ಲಿಂಗ್ 40 ಮೆಗಾಹರ್ಟ್ಸ್, 128 ಗೆರೆಗಳು, ಗೆರೆಯಿಂದ ಗೆರೆಗೆ 0.3 ಮಿಲಿಮೀಟರ್ ಅಂತರ, ಎಫ್-ನಂಬರ್ (ಫೋಕಸ್‌ನ ಆಳವನ್ನು ಪ್ರೋಬಿನ ಬಳಕೆಯಾದ ಭಾಗದ ಅಗಲದಿಂದ ಭಾಗಿಸಿದ್ದು) 2. ಬೀಮ್‌ಫಾರ್ಮಿಂಗ್ (ಪ್ರೋಬಿನ ಹಲವು ಸಂವೇದಕಗಳ ಸಂಕೇತಗಳನ್ನು ಹೊಂದಿಸಿ ಕೂಡಿಸುವುದು) ಆದ ಮೇಲಿನ ಕಚ್ಚಾ ಸಂಕೇತ ಕೈಯಲ್ಲಿದೆ. ಅದರ ಎನ್ವಲಪ್ (ಅಲೆಯ ಎತ್ತರದ ಹೊರರೇಖೆ) ತೆಗೆದು, 60 ಡೆಸಿಬೆಲ್ ವ್ಯಾಪ್ತಿಗೆ ಲಾಗ್ ಕಂಪ್ರೆಷನ್ (ಲಾಗರಿದಮ್ ತೆಗೆದು ಬೆಲೆಗಳ ವ್ಯಾಪ್ತಿಯನ್ನು ಕುಗ್ಗಿಸುವುದು) ಮಾಡಿ ಚಿತ್ರ ಕಟ್ಟುತ್ತೇನೆ. ಒಳಗಿರುವ 4 ಮಿಲಿಮೀಟರ್ ವ್ಯಾಸದ ಸಿಸ್ಟ್‌ನ ಅಂಚನ್ನು ಪ್ರೋಗ್ರಾಮ್ ತಾನಾಗಿ ಗುರುತಿಸಬೇಕು. ಚಿತ್ರದ ತುಂಬ ಹರಡಿರುವ ಕಾಳುಕಾಳಾದ ಚುಕ್ಕೆಗಳು, ಅಂದರೆ ಸ್ಪೆಕಲ್, ಅದಕ್ಕೆ ಬಿಡುತ್ತಿಲ್ಲ.

ಪ್ರೋಬನ್ನು ಅಲುಗದಂತೆ ಸ್ಟ್ಯಾಂಡಿಗೆ ಬಿಗಿದು 50 ಫ್ರೇಮ್‌ಗಳ ಸರಾಸರಿ ತೆಗೆದೆ. ಆಳದ ಭಾಗದ ಮಿಣುಕು ಹೋಯಿತು, ಸ್ಪೆಕಲ್ ಇದ್ದ ಹಾಗೇ ಇದೆ. ಲಾಗ್ ಚಿತ್ರದ ಮೇಲೆ 3×3 ವಿಂಡೋದ ಲೀ ಫಿಲ್ಟರ್ (ಅಂಚು ಉಳಿಸುತ್ತ ಸ್ಪೆಕಲ್ ನಯಗೊಳಿಸುವ ಫಿಲ್ಟರ್) ಓಡಿಸಿದರೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. 9×9 ಸರಾಸರಿ ಫಿಲ್ಟರ್ ಹಾಕಿದರೆ ಸಿಸ್ಟ್‌ನ ಎಡ-ಬಲ ಅಂಚುಗಳು ಕಲಸಿಹೋಗುತ್ತವೆ. ಮೇಲಿನ ಮತ್ತು ಕೆಳಗಿನ ಅಂಚು ಮಾತ್ರ ಚೂಪಾಗಿಯೇ ಉಳಿಯುತ್ತದೆ. ಎಸ್‌ಆರ್‌ಎಡಿ (ಅಂಚಿನಲ್ಲಿ ತಡೆದು ಉಳಿದೆಡೆ ನಯಗೊಳಿಸುವ ಸ್ಪೆಕಲ್ ಫಿಲ್ಟರ್) ಓಡಿಸಿದರೆ ಸಿಸ್ಟ್ ಕೂಡ ಕರಗುತ್ತದೆ. ಎಲ್ಲಿ ಎಡವುತ್ತಿದೆ ಎಂದು ತಿಳಿಸುವಿರಾ?

ಉತ್ತರ 1

ಮೊದಲು ಫ್ರೇಮ್ ಸರಾಸರಿಯ ವಿಷಯ. ನಿಮಗೆ ಕಂಡ ಫಲಿತಾಂಶ ಸರಿಯಾಗಿಯೇ ಇದೆ. ಆಳದಲ್ಲಿ ಮಿಣುಕುತ್ತಿದ್ದುದು ಎಲೆಕ್ಟ್ರಾನಿಕ್ ಗದ್ದಲ. ಅದು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ, ಆದ್ದರಿಂದ ಸರಾಸರಿಯಲ್ಲಿ ಇಳಿಯುತ್ತದೆ. ಸ್ಪೆಕಲ್ ಹಾಗಲ್ಲ. ಪ್ರೋಬಿನ ರೆಸಲ್ಯೂಷನ್‌ಗಿಂತ ಚಿಕ್ಕದಾದ ಅಸಂಖ್ಯ ಕಣಗಳಿಂದ ಚದುರಿ ಬಂದ ಅಲೆಗಳು ಪರಸ್ಪರ ವ್ಯತಿಕರಣಗೊಂಡು ಅದನ್ನು ಉಂಟುಮಾಡುತ್ತವೆ. ಕಣಗಳೂ ಅಲುಗಿಲ್ಲ, ಪ್ರೋಬೂ ಅಲುಗಿಲ್ಲ ಎಂದ ಮೇಲೆ ಪ್ರತಿ ಫ್ರೇಮಿನಲ್ಲೂ ಅದೇ ವಿನ್ಯಾಸ ಮರಳಿ ಬರುತ್ತದೆ. 50 ಅಲ್ಲ, 5,000 ಫ್ರೇಮ್ ಕೂಡಿಸಿದರೂ ಅಷ್ಟೇ. ನೀವು ಸ್ಟ್ಯಾಂಡಿಗೆ ಬಿಗಿದದ್ದೇ ಇಲ್ಲಿ ಅಡ್ಡಿಯಾಯಿತು.

ಸ್ಪೆಕಲ್ ಇಳಿಯಬೇಕಾದರೆ ಒಂದಕ್ಕೊಂದು ಸಂಬಂಧವಿಲ್ಲದ ನೋಟಗಳು ಬೇಕು. ಅಂಥ N ನೋಟಗಳು ಸಿಕ್ಕರೆ ಏರಿಳಿತ √N ಪಟ್ಟು ಇಳಿಯುತ್ತದೆ. ಕಿರಣವನ್ನು −10, 0, +10 ಡಿಗ್ರಿಗೆ ಓರೆ ಮಾಡಿ ಮೂರು ಚಿತ್ರ ಪಡೆದರೆ ಹೆಚ್ಚೆಂದರೆ 1.7 ಪಟ್ಟು, ನೋಟಗಳ ನಡುವೆ ಸಂಬಂಧ ಉಳಿದಿದ್ದರೆ ಅದಕ್ಕಿಂತ ಕಡಿಮೆ. ನಿಮ್ಮ ಸಿಸ್ಟ್ ಕೊಳವೆಯಾಕಾರದ್ದಾಗಿದ್ದರೆ ಇನ್ನೂ ಸುಲಭದ ದಾರಿಯಿದೆ: ಚಿತ್ರದ ಸಮತಲಕ್ಕೆ ಲಂಬವಾಗಿ, ಅಂದರೆ ಕೊಳವೆಯ ಉದ್ದಕ್ಕೆ, ಪ್ರೋಬನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಫ್ರೇಮ್ ತೆಗೆಯಿರಿ. ಸಿಸ್ಟ್‌ನ ಅಡ್ಡಕೊಯ್ತ ಬದಲಾಗುವುದಿಲ್ಲ, ಸ್ಪೆಕಲ್ ಬದಲಾಗುತ್ತದೆ.

ಒಂದು ಎಚ್ಚರಿಕೆ. ಕೂಡಿಸುವುದು ಎನ್ವಲಪ್ ತೆಗೆದ ನಂತರವೇ ಆಗಬೇಕು. ಕಚ್ಚಾ ಸಂಕೇತವನ್ನೇ ಕೂಡಿಸಿದರೆ ಫೇಸ್ (ಅಲೆಯ ಏರಿಳಿತದ ಹಂತ) ಸಮೇತ ಕೂಡಿ, ಹೊಸದೊಂದು ಸ್ಪೆಕಲ್ ವಿನ್ಯಾಸ ಬರುತ್ತದೆ, ಅಷ್ಟೇ. ಪ್ಲೇನ್ ವೇವ್ (ಚಪ್ಪಟೆ ಅಲೆ ಕಳಿಸುವ) ಚಿತ್ರಣದಲ್ಲಿ ಕೋನಗಳನ್ನು ಫೇಸ್ ಸಮೇತ ಕೂಡಿಸುತ್ತಾರಲ್ಲ, ಅದು ಫೋಕಸ್ ಮತ್ತು ಕಾಂಟ್ರಾಸ್ಟ್ ಸುಧಾರಿಸಲು. ಸ್ಪೆಕಲ್ ಇಳಿಸಲು ಅಲ್ಲ.

ಉತ್ತರ 2

ಫಿಲ್ಟರ್ ವಿಷಯಕ್ಕೆ ನಾನು ಬರುತ್ತೇನೆ. ವಿಂಡೋವನ್ನು ಪಿಕ್ಸೆಲ್‌ನಲ್ಲಿ ಅಳೆಯುವುದನ್ನು ಬಿಟ್ಟು ಮಿಲಿಮೀಟರಿನಲ್ಲಿ ಅಳೆಯಿರಿ, ನಿಮ್ಮ ಗೋಜಲಿನ ಹೆಚ್ಚಿನ ಭಾಗ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್. 40 ಮೆಗಾಹರ್ಟ್ಸ್‌ನಲ್ಲಿ, ಹೋಗಿ ಬರುವ ದೂರವನ್ನು ಅರ್ಧ ಮಾಡಿದರೆ, ಆಳದ ದಿಕ್ಕಿನಲ್ಲಿ ಒಂದು ಸ್ಯಾಂಪಲ್ ಎಂದರೆ ಸುಮಾರು 0.019 ಮಿಲಿಮೀಟರ್. 5 ಮೆಗಾಹರ್ಟ್ಸ್‌ನ ತರಂಗದೂರ 0.308 ಮಿಲಿಮೀಟರ್. ಎರಡು ಆವರ್ತದ ಪಲ್ಸ್ ಎಂದು ಹಿಡಿದರೆ ಸ್ಪೆಕಲ್‌ನ ಒಂದು ಕಾಳು ಆಳದಲ್ಲಿ ಸುಮಾರು 0.3 ಮಿಲಿಮೀಟರ್, ಅಂದರೆ 16 ಸ್ಯಾಂಪಲ್. ಅಡ್ಡಕ್ಕೆ ತರಂಗದೂರವನ್ನು ಎಫ್-ನಂಬರಿನಿಂದ ಗುಣಿಸಿದರೆ 0.6 ಮಿಲಿಮೀಟರ್, ಅಂದರೆ ಎರಡೇ ಗೆರೆ.

ಈಗ ನಿಮ್ಮ 3×3 ವಿಂಡೋ ನೋಡಿ: ಆಳಕ್ಕೆ 0.06 ಮಿಲಿಮೀಟರ್ ಕೂಡ ಇಲ್ಲ. ಅದು ಹೆಚ್ಚುಕಡಿಮೆ ಒಂದೇ ಕಾಳಿನೊಳಗೆ ಕುಳಿತಿದೆ. ಅಲ್ಲಿ ಏರಿಳಿತವೇ ಅತ್ಯಲ್ಪ. ಸರಾಸರಿ ತೆಗೆದರೂ ಅದೇ ಬೆಲೆ ಸಿಗುತ್ತದೆ. 9×9ರಲ್ಲಿ ಆಳಕ್ಕೆ 0.17 ಮಿಲಿಮೀಟರ್, ಅಡ್ಡಕ್ಕೆ 2.7 ಮಿಲಿಮೀಟರ್! ಆಳದಲ್ಲಿ ಇನ್ನೂ ಒಂದು ಕಾಳನ್ನೂ ದಾಟಿಲ್ಲ, ಅಡ್ಡಕ್ಕೆ ಸಿಸ್ಟ್‌ನ ಅರ್ಧಕ್ಕಿಂತ ಹೆಚ್ಚನ್ನು ನುಂಗಿದೆ. ಎಡ-ಬಲದ ಅಂಚು ಮಾತ್ರ ಕಲಸಿಹೋಗಲು ಇದೇ ಕಾರಣ.

ಎನ್ವಲಪ್ ತೆಗೆದ ಮೇಲೆ ಆಳದ ದಿಕ್ಕಿನಲ್ಲಿ 8 ಸ್ಯಾಂಪಲ್‌ಗಳ ಸರಾಸರಿಯನ್ನು ಒಂದಾಗಿ ಮಾಡಿ. ಆಗ ಕಾಳು ಎರಡೂ ದಿಕ್ಕಿನಲ್ಲಿ ಸುಮಾರು 2 ಸ್ಯಾಂಪಲ್ ಆಗುತ್ತದೆ. ಅದರ ಮೇಲೆ 7×7 ವಿಂಡೋ ಹಾಕಿದರೆ ಒಳಗೆ ಸುಮಾರು 12 ಸ್ವತಂತ್ರ ಕಾಳುಗಳು ಬರುತ್ತವೆ. ಏರಿಳಿತ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ.

ಎರಡನೆಯದು, ಫಿಲ್ಟರನ್ನು ಲಾಗ್‌ಗೆ ಮೊದಲೇ ಓಡಿಸಿ. ಗುಣಾಕಾರದ ಗದ್ದಲಕ್ಕೆ ಬಳಸುವ ಲೀ ಫಿಲ್ಟರ್ ಮತ್ತು ಯು ಹಾಗೂ ಆಕ್ಟನ್ 2002ರಲ್ಲಿ ಮಂಡಿಸಿದ ಎಸ್‌ಆರ್‌ಎಡಿ ಎರಡೂ ಪ್ರಮಾಣ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದ ಸಂಖ್ಯೆಯನ್ನು ನೆಚ್ಚಿಕೊಂಡಿವೆ. ಲಾಗ್ ಚಿತ್ರದಲ್ಲಿ ಗೇನ್ ಸ್ವಲ್ಪ ಏರಿಸಿದರೂ ಸರಾಸರಿ ಮೇಲೇರಿ ಆ ಸಂಖ್ಯೆ ಕುಸಿಯುತ್ತದೆ. ಆಗ ಯಾವುದು ಅಂಚು, ಯಾವುದು ಸ್ಪೆಕಲ್ ಎಂಬುದು ಎಸ್‌ಆರ್‌ಎಡಿಗೆ ತಿಳಿಯುವುದಾದರೂ ಹೇಗೆ? ಎನ್ವಲಪ್‌ನ ವರ್ಗವನ್ನು ಅದಕ್ಕೆ ಕೊಡಿ, ಆರಂಭದ ಸ್ಪೆಕಲ್ ಗುಣಾಂಕ (ಒಂದೇ ತೆರನಾದ ಭಾಗದಲ್ಲಿ ಆ ಸಂಖ್ಯೆಯ ಬೆಲೆ) 1ರ ಹತ್ತಿರ ಇರಲಿ, ಕಾಲದ ಹೆಜ್ಜೆ 0.05 ಇಡಿ.

ಇದಕ್ಕೂ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಸಿಸ್ಟ್‌ನಿಂದ ದೂರದಲ್ಲಿ, ಒಂದೇ ತೆರನಾದ ಭಾಗದಲ್ಲಿ, ಆಳದ ಕ್ಷೀಣತೆಯನ್ನು ಸರಿಪಡಿಸಿದ ನಂತರ, ಎನ್ವಲಪ್‌ನ ಸರಾಸರಿಯನ್ನು ಪ್ರಮಾಣ ವಿಚಲನೆಯಿಂದ ಭಾಗಿಸಿ. ಪೂರ್ಣ ಬೆಳೆದ (ಪ್ರತಿ ಕಾಳಿಗೂ ಹಲವಾರು ಕಣಗಳ ಕೊಡುಗೆ ಇರುವ) ಸ್ಪೆಕಲ್ ರೇಲೀ ಹಂಚಿಕೆಯನ್ನು ಅನುಸರಿಸುತ್ತದೆ, ಉತ್ತರ 1.91ರ ಆಸುಪಾಸು ಬರಬೇಕು. ಬಹಳ ದೂರ ಹೋದರೆ ಫಿಲ್ಟರ್ ಬದಲಿಸುತ್ತ ಕೂರಬೇಡಿ, ದತ್ತಾಂಶವನ್ನೇ ಮೊದಲು ಶಂಕಿಸಿ.

ಇನ್ನೊಬ್ಬರ ಪ್ರಶ್ನೆ

ನನ್ನ ಬಳಿ ಕಚ್ಚಾ ಸಂಕೇತವಿಲ್ಲ. ಯಂತ್ರ ಉಳಿಸಿಕೊಟ್ಟ 8 ಬಿಟ್ ಚಿತ್ರಗಳಷ್ಟೇ ಇವೆ. ನಾನೇನು ಮಾಡಲಿ?

ಉತ್ತರ 2

ಲಾಗ್ ಚಿತ್ರದಲ್ಲಿ ಪೂರ್ಣ ಬೆಳೆದ ಸ್ಪೆಕಲ್‌ನ ಪ್ರಮಾಣ ವಿಚಲನೆ ಸುಮಾರು 5.6 ಡೆಸಿಬೆಲ್. 60 ಡೆಸಿಬೆಲ್ ವ್ಯಾಪ್ತಿಯನ್ನು 255 ಮಟ್ಟಗಳಿಗೆ ನೇರವಾಗಿ ಹಂಚಿದ್ದರೆ ಅದು ಸುಮಾರು 24 ಬೂದು ಮಟ್ಟ. ನಿಮ್ಮ ಚಿತ್ರದ ಸಮತಟ್ಟಾದ ಭಾಗದಲ್ಲಿ ಇದಕ್ಕಿಂತ ತೀರಾ ಕಡಿಮೆ ಬಂದರೆ ಯಂತ್ರ ಆಗಲೇ ಕಾಂಪೌಂಡಿಂಗ್ (ಹಲವು ಕೋನಗಳ ಚಿತ್ರ ಕೂಡಿಸುವುದು) ಅಥವಾ ನಯಗೊಳಿಸುವಿಕೆ ಮಾಡಿರಬಹುದು. ಅದರ ಮೇಲೆ ಇನ್ನೊಂದು ಫಿಲ್ಟರ್ ಹೇರಿದರೆ ವಿವರ ಹೋಗುತ್ತದೆ. ಸಾಧ್ಯವಾದರೆ ಯಂತ್ರದಲ್ಲಿ ಅವನ್ನು ನಿಲ್ಲಿಸಿ ಹೊಸದಾಗಿ ಚಿತ್ರ ತೆಗೆಯಿರಿ. ಅಳತೆಯ ಗುರುತು, ಅಕ್ಷರಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ. ಅವುಗಳ ಸುತ್ತ ಫಿಲ್ಟರ್ ಸುಳ್ಳು ಅಂಚು ಹುಟ್ಟಿಸುತ್ತದೆ.

ಉತ್ತರ 3

ರೋಗಿಗಳ ಸ್ಕ್ಯಾನ್ ನೋಡುವ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಫ್ಯಾಂಟಮ್‌ನಲ್ಲಿ ಅಂಚು ಹುಡುಕಲು ಇದೆಲ್ಲ ಸರಿ. ಆದರೆ ವರದಿ ಬರೆಯುವವರ ಮುಂದೆ ಮೂಲ ಚಿತ್ರ ಯಾವಾಗಲೂ ಇರಲೇಬೇಕು. ಯಕೃತ್ತಿನ ರಚನೆ ಒರಟಾಗಿದೆಯೇ ಎಂದು ನಾವು ಓದುವುದು ಈ ಕಾಳುಗಳಿಂದಲೇ. ಹೃದಯದ ಸ್ನಾಯು ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂದು ಅಳೆಯುವ ಸ್ಪೆಕಲ್ ಟ್ರ್ಯಾಕಿಂಗ್ ನಿಂತಿರುವುದೂ ಇದರ ಮೇಲೆಯೇ. ಸ್ತನದಲ್ಲಿನ ಸೂಕ್ಷ್ಮ ಸುಣ್ಣದ ಕಣ ಒಂದು ಕಾಳಿಗಿಂತ ದೊಡ್ಡದೇನೂ ಇರುವುದಿಲ್ಲ. ಫಿಲ್ಟರ್ ಅದನ್ನು ಗದ್ದಲವೆಂದು ಅಳಿಸಿದರೆ ಯಾರಿಗೂ ಗೊತ್ತಾಗದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪರೀಕ್ಷೆಯಲ್ಲಿ 1.87 ಬಂದಿತು. ಆಳದ ಸ್ಯಾಂಪಲ್‌ಗಳನ್ನು ಇಳಿಸಿ, ಲಾಗ್‌ಗೆ ಮೊದಲು 7×7 ಲೀ ಫಿಲ್ಟರ್ ಓಡಿಸಿದ ಮೇಲೆ ಸಿಸ್ಟ್ ದುಂಡಗೆ ನಿಂತಿತು. ಎರಡು ಅನುಮಾನ ಉಳಿದಿವೆ. ಅಂಚು ನಿಜಕ್ಕೂ ಉಳಿದಿದೆಯೇ ಎಂದು ಹೇಗೆ ನೋಡುವುದು? ಮತ್ತೆ, ಸಿಸ್ಟ್‌ನ ಒಳಗೆ ಎಡ-ಬಲ ಗೋಡೆಗೆ ತಾಗಿದಂತೆ ಮಸುಕಾದ ಬೂದು ಪಟ್ಟಿಯಿದೆ. ಯಾವ ಫಿಲ್ಟರಿಗೂ ಅದು ಬಗ್ಗುತ್ತಿಲ್ಲ.

ಉತ್ತರ 2

ಫಿಲ್ಟರ್‌ಗೆ ಮುಂಚಿನ ಎನ್ವಲಪ್ಪನ್ನು ಫಿಲ್ಟರ್ ಆದದ್ದರಿಂದ, ಪಿಕ್ಸೆಲ್‌ಗೆ ಪಿಕ್ಸೆಲ್, ಭಾಗಿಸಿ ಆ ಭಾಗಲಬ್ಧವನ್ನೇ ಚಿತ್ರವಾಗಿ ನೋಡಿ. ಅದರಲ್ಲಿ ಬರೀ ಕಾಳು ಕಾಣಬೇಕು. ಸಿಸ್ಟ್‌ನ ಉಂಗುರ ಕಂಡಿತೋ, ಫಿಲ್ಟರ್ ಅಂಚನ್ನು ತಿಂದಿದೆ ಎಂದೇ ಅರ್ಥ. ವಿಂಡೋ 5×5ಕ್ಕೆ ಇಳಿಸಿ.

ಬೂದು ಪಟ್ಟಿ ಸ್ಪೆಕಲ್ ಸಮಸ್ಯೆಯಲ್ಲ. ಕಿರಣದ ಪಕ್ಕದ ಹಾಲೆಗಳು (ಮುಖ್ಯ ಕಿರಣದ ಅಕ್ಕಪಕ್ಕಕ್ಕೆ ಸೋರುವ ಶಕ್ತಿ) ಗೋಡೆಯ ಆಚೆಯ ಪ್ರತಿಧ್ವನಿಯನ್ನು ಸಿಸ್ಟ್‌ನೊಳಗೆ ಎಳೆದು ತರುತ್ತಿರುವಂತಿದೆ. ಬೀಮ್‌ಫಾರ್ಮಿಂಗ್ ಆದ ನಂತರ ಅದನ್ನು ಬೇರ್ಪಡಿಸುವುದು ಬಲು ಕಷ್ಟ. ಗ್ರಹಣದ ಅಪರ್ಚರಿಗೆ (ಪ್ರತಿಧ್ವನಿ ಹಿಡಿಯುವ ಪ್ರೋಬಿನ ಭಾಗಕ್ಕೆ) ಹ್ಯಾನಿಂಗ್ ತೂಕ ಕೊಟ್ಟು, ಅಂದರೆ ಅದರ ಅಂಚಿನ ಸಂವೇದಕಗಳ ಪಾಲನ್ನು ಇಳಿಸಿ, ಮತ್ತೊಮ್ಮೆ ದತ್ತಾಂಶ ತೆಗೆಯಿರಿ. ಹಾಗೆ ಮಾಡಿದಾಗ ಅಡ್ಡ ರೆಸಲ್ಯೂಷನ್ ತುಸು ಕುಂದುತ್ತದೆ, ಕಾಳಿನ ಅಗಲವೂ ಬೆಳೆಯುತ್ತದೆ; ಆದ್ದರಿಂದ ವಿಂಡೋದ ಅಡ್ಡ ಅಳತೆಯನ್ನು ಹೊಸ ದತ್ತಾಂಶದಿಂದ ಮತ್ತೆ ಲೆಕ್ಕ ಹಾಕಿಕೊಳ್ಳಿ.