ಕಾಲೇಜು ಪ್ರವೇಶಕ್ಕೆ 'ಆಲ್‌ರೌಂಡರ್' ಆಗಲೇಬೇಕಾ? ಶಿರಸಿ ಕಡೆಯ ಪಿಯು ವಿದ್ಯಾರ್ಥಿನಿಗೆ ಸಲಹೆ ಬೇಕು

ತೋಟದಮನೆ
ನಮಸ್ಕಾರ. ಮಗಳು ಶಿರಸಿಯಲ್ಲಿ ಮೊದಲ ಪಿಯು, ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವವಿಜ್ಞಾನ). ಹತ್ತನೇ ತನಕ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅರಣ್ಯಶಾಸ್ತ್ರ ಇಲ್ಲವೇ ಪರಿಸರ ವಿಜ್ಞಾನ ಓದುವ ಆಸೆ. ಆರ್ಥಿಕ ನೆರವು ಸಿಗುವುದಾದರೆ ಹೊರರಾಜ್ಯ, ಹೊರದೇಶಕ್ಕೂ ಅರ್ಜಿ ಹಾಕಬಹುದು.

'ಅಂಕ ಮಾತ್ರ ಸಾಲದು, ಆಲ್‌ರೌಂಡರ್ ಪ್ರೊಫೈಲ್ ಬೇಕು' ಎಂದು ಒಂದು ಕೋಚಿಂಗ್‌ನವರು 12 ಪ್ರಮಾಣಪತ್ರಗಳ ಪ್ಯಾಕೇಜ್ ಹೇಳಿದ್ದಾರೆ: ಕೋಡಿಂಗ್, ನಾಯಕತ್ವ ಶಿಬಿರ, ಚೆಸ್, ಸಮಾಜಸೇವೆ ಹೀಗೆ. ಸದ್ಯ ಅವಳ ಬಳಿ ಇರುವುದು ಎನ್‌ಸಿಸಿ, ಮೂರು ವರ್ಷದ ಯಕ್ಷಗಾನ ಮದ್ದಳೆ ಅಭ್ಯಾಸ, ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಸಮಯದ ಮನೆಗೆಲಸ. ಯಾವುದನ್ನು ಉಳಿಸಬೇಕು, ಯಾವುದನ್ನು ಸೇರಿಸಬೇಕು, ಯಾವುದಕ್ಕೆ ದುಡ್ಡು ಕೊಡಬಾರದು?

ಕೋಡಿಬಾಗ
ಮೊದಲು ಯಾವ ಬಾಗಿಲು ಏನು ಕೇಳುತ್ತದೆ ಎಂದು ನೋಡಿ. ರಾಜ್ಯದ ಸಿಇಟಿ, ವೈದ್ಯಕೀಯದ ನೀಟ್, ಎಂಜಿನಿಯರಿಂಗ್‌ನ ಜೆಇಇ, ವಿಜ್ಞಾನ ಸಂಸ್ಥೆ ಐಸರ್‌ನ ಐಎಟಿ, ಕಾನೂನಿನ ಕ್ಲ್ಯಾಟ್, ಈ ಪ್ರವೇಶ ಪರೀಕ್ಷೆಗಳು ಯಾವುವೂ ಪ್ರೊಫೈಲ್ ಕೇಳುವುದಿಲ್ಲ. ಹನ್ನೆರಡಲ್ಲ, ನೂರು ಪ್ರಮಾಣಪತ್ರ ಇಟ್ಟರೂ ರ‍್ಯಾಂಕ್ ಒಂದು ಸ್ಥಾನ ಮೇಲೇರದು.

ಎಂಜಿನಿಯರಿಂಗ್ ಲೆಕ್ಕ ತೆಗೆದುಕೊಳ್ಳಿ. ಪಿಯು ಪಿಸಿಎಂ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ 180 ಅಂಕಕ್ಕೆ ಅರ್ಧ ತೂಕ. ಪಿಯುನಲ್ಲಿ 285, ಸಿಇಟಿಯಲ್ಲಿ 90 ಬಂದರೆ 47.5 + 25 = 72.5. ಸಿಇಟಿಯಲ್ಲಿ 18 ಅಂಕ ಹೆಚ್ಚಿದರೆ ಒಟ್ಟಿಗೆ 5 ಸೇರುತ್ತದೆ. ಪಿಯುನಲ್ಲಿ ಉಳಿದ 15 ಅಂಕವನ್ನೂ ಪೂರ್ತಿ ಗಳಿಸಿದರೆ ಸೇರುವುದು 2.5 ಮಾತ್ರ. ಪಿಯು 95 ಶೇಕಡ ದಾಟಿದ ಮಕ್ಕಳು ಸಿಇಟಿಯಲ್ಲಿ ಹಿಂದೆ ಬೀಳುವುದು ಈ ಲೆಕ್ಕ ನೋಡದೆ ಕೊನೆಯ ತನಕ ನೋಟ್ಸ್ ಬಾಯಿಪಾಠ ಮಾಡುವುದರಿಂದ.

ನಿಮ್ಮ ಮಗಳಿಗೆ ನಿಜವಾಗಿ ಬೆಲೆಬಾಳುವ ಕಾಗದಗಳು ಬೇರೆ ಇವೆ. ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ. ಎರಡಕ್ಕೂ ನಿಗದಿತ ನಮೂನೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ನಡುವೆ ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಎಡವುವುದು ಇಲ್ಲೇ. ಒಂದೇ ಒಂದು ವರ್ಷ ಪೇಟೆ ಶಾಲೆಯಲ್ಲಿ ಕಲಿತಿದ್ದರೂ ಗ್ರಾಮೀಣ ಹಕ್ಕು ಹೋಗುತ್ತದೆ. ಅರ್ಜಿ ತುಂಬುವಾಗ ಆ ಅಂಕಣ ಬಿಟ್ಟರೆ ಆಮೇಲೆ ಪ್ರಮಾಣಪತ್ರ ಕೈಯಲ್ಲಿದ್ದೂ ಉಪಯೋಗವಿಲ್ಲ.

ಅರಣ್ಯಶಾಸ್ತ್ರಕ್ಕೆ ಶಿರಸಿಯಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇದೆ, ಅದಕ್ಕೂ ಸಿಇಟಿಯೇ ದಾರಿ. ಕೃಷಿಕರ ಮಕ್ಕಳ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಅಡಿಕೆ, ಕಾಳುಮೆಣಸು, ವೀಳ್ಯದೆಲೆ ನಮ್ಮ ಮಕ್ಕಳಿಗೆ ಗೊತ್ತು. ಜೋಳ, ತೊಗರಿ, ಹತ್ತಿ, ಕುಸುಬೆ ಬೀಜಗಳನ್ನು ಈಗಲೇ ಡಬ್ಬಿಗಳಲ್ಲಿ ಹಾಕಿ, ಹೆಸರು ಮುಚ್ಚಿ ಅಭ್ಯಾಸ ಮಾಡಿಸಿ.

ಎನ್‌ಸಿಸಿ ಬಿಡಬೇಡಿ. ಸಿಇಟಿಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವಿದೆ, ಮೂಲ ಪ್ರತಿ ತೋರಿಸಬೇಕು. 'ಬಿ' ಪ್ರಮಾಣಪತ್ರಕ್ಕೆ ಎರಡು ವರ್ಷ, ಕವಾಯತಿಗೆ ಶೇ. 75 ಹಾಜರಿ, ಒಂದು ವಾರ್ಷಿಕ ಶಿಬಿರ ಬೇಕು. ಎರಡನೇ ಪಿಯುನಲ್ಲಿ ಟ್ಯೂಷನ್‌ಗಾಗಿ ಹಾಜರಿ ಬಿಟ್ಟು ಅದನ್ನು ಕಳೆದುಕೊಳ್ಳುವವರು ಬಹಳ.

ಮಳೆಮಾಪಕ
ಕೋಡಿಬಾಗ ಅವರು ಹೇಳಿದ್ದು ಪೂರ್ತಿ ಸರಿ. ಪ್ರೊಫೈಲ್ ಓದುವ ಬಾಗಿಲುಗಳ ಬಗ್ಗೆ ನಾನು ಸೇರಿಸುತ್ತೇನೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ಜೊತೆ ಸಂದರ್ಶನವಿದೆ. ಸೋನಿಪತ್‌ನ ಅಶೋಕದಲ್ಲಿ ಪ್ರಬಂಧವೂ ಬೇಕು. ಎರಡರಲ್ಲೂ ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ. ಬ್ರಿಟನ್ನಿನವರಿಗೆ ಮುಖ್ಯ ನೀವು ಓದಲಿರುವ ವಿಷಯ, ಇತರ ಹವ್ಯಾಸಕ್ಕೆ ಅಲ್ಲಿ ಸ್ಥಾನ ಕಡಿಮೆ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಮಾತ್ರ ಚಟುವಟಿಕೆಗಳಿಗೇ ಒಂದು ಪುಟವಿದೆ: ಹೆಚ್ಚೆಂದರೆ 10 ಸಾಲು, ಪ್ರತಿಯೊಂದರ ವಿವರಣೆಗೆ 150 ಅಕ್ಷರ, ಪಕ್ಕದಲ್ಲಿ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ. 9ನೇ ತರಗತಿಯಿಂದ ಲೆಕ್ಕ.

ಹತ್ತೂ ತುಂಬಲೇಬೇಕೆಂದಿಲ್ಲ. ಎರಡು ದಿನದ ಶಿಬಿರ ಬರೆದರೆ ಗಂಟೆಯ ಅಂಕಣವೇ ಅದರ ಬಣ್ಣ ಬಯಲು ಮಾಡುತ್ತದೆ. ಪ್ಯಾಕೇಜ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇರುವ ಹುಡುಗಿಗಿಂತ, ಎರಡು ಕೆಲಸವನ್ನು ಮೂರು ನಾಲ್ಕು ವರ್ಷ ಬಿಡದೆ ಮಾಡಿದವಳ ಅರ್ಜಿ ಓದುವವರ ನೆನಪಿನಲ್ಲಿ ಉಳಿಯುತ್ತದೆ.

ಮನೆಗೆಲಸ ಎಂದು ನೀವು ಕೊನೆಯಲ್ಲಿ ಹೇಳಿದ್ದನ್ನು ನಾನು ಮೇಲಕ್ಕೆ ತರುತ್ತೇನೆ. ಕಾಮನ್ ಆ್ಯಪ್‌ನಲ್ಲಿ ಕೌಟುಂಬಿಕ ಜವಾಬ್ದಾರಿ ಎಂಬ ವರ್ಗವೇ ಇದೆ. 'ತೋಟದಲ್ಲಿ ಸಹಾಯ' ಎಂದಷ್ಟೇ ಬರೆದರೆ ಯಾರಿಗೂ ಏನೂ ಕಾಣಿಸದು. ಸುಲಿದ ಅಡಿಕೆ ತೂಗುವುದು, ಆಳುಗಳ ಲೆಕ್ಕ ಬರೆಯುವುದು, ಬೇಯಿಸುವಾಗ ಒಲೆ ನೋಡುವುದು, ಅಂಗಳದಲ್ಲಿ ಒಣಗಲು ಹರಗುವುದು, ಇವುಗಳಲ್ಲಿ ಅವಳು ಮಾಡುವುದು ಯಾವುದು, ಎಷ್ಟು ವಾರ ಎಂದು ಬರೆಯಲಿ. ಮದ್ದಳೆಯೂ ಹಾಗೇ. 'ಯಕ್ಷಗಾನ ಕಲಾವಿದೆ' ಎನ್ನುವುದಕ್ಕಿಂತ 'ಬಡಗುತಿಟ್ಟಿನ ಮದ್ದಳೆ. ಇಷ್ಟು ತಾಳ ಕಲಿತೆ. ಇಷ್ಟು ತಾಳಮದ್ದಲೆಗೆ ನುಡಿಸಿದೆ. ಕಿರಿಯ ಇಬ್ಬರಿಗೆ ಪಾಠ' ಎಂದರೆ ಓದುವವನಿಗೆ ಹುಡುಗಿ ಕಾಣುತ್ತಾಳೆ.

ಸೇರಿಸುವುದಾದರೆ ಅವಳ ವಿಷಯಕ್ಕೆ ಹತ್ತಿರದ್ದು ಒಂದೇ ಒಂದು. ಮಳೆ ಅಳೆಯಲಿ. ಬಾಯಿ 16 ಸೆಂ.ಮೀ. ಅಗಲದ ಆಲಿಕೆ ತೆಗೆದುಕೊಂಡರೆ ಅದರ ವಿಸ್ತೀರ್ಣ 201 ಚದರ ಸೆಂ.ಮೀ. ಅಂದರೆ 1 ಮಿ.ಮೀ. ಮಳೆಗೆ ಸುಮಾರು 20 ಮಿ.ಲೀ. ನೀರು. ಕೆಳಗೆ 5 ಲೀಟರ್ ಕ್ಯಾನ್ ಇಡಿ. ಎರಡು ಲೀಟರ್ ಬಾಟಲಿ ಇಟ್ಟರೆ 100 ಮಿ.ಮೀ.ಗೆ ತುಂಬಿ ಚೆಲ್ಲುತ್ತದೆ, ನಮ್ಮ ಘಟ್ಟದ ಆಷಾಢಕ್ಕೆ ಅದು ಸಾಲದು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿರಲಿ. ಅಡಿಕೆ ಸೋಗೆಯ ಕೆಳಗಿಟ್ಟರೆ ಒಮ್ಮೆ ಕಡಿಮೆ, ಹನಿ ಒಟ್ಟಾಗಿ ಬಿದ್ದರೆ ಒಮ್ಮೆ ಹೆಚ್ಚು ತೋರಿಸುತ್ತದೆ. ದಿನವೂ ಬೆಳಿಗ್ಗೆ 8.30ಕ್ಕೆ ಅಳೆಯಬೇಕು, ಹವಾಮಾನ ಇಲಾಖೆಯ ಸಮಯವೂ ಅದೇ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ, ಅದರ ಅಂಕಿಯ ಪಕ್ಕ ತನ್ನದನ್ನು ಬರೆದು ವ್ಯತ್ಯಾಸ ಯಾಕೆ ಬಂತು ಎಂದು ಯೋಚಿಸಲಿ. ಅಳೆಯದ ದಿನವನ್ನು ಖಾಲಿ ಬಿಡಬೇಕು, ಅಂದಾಜು ತುಂಬಬಾರದು. ಖಾಲಿ ದಿನವಿರುವ ನೋಟ್‌ಬುಕ್ಕನ್ನೇ ಸಂದರ್ಶಕರು ನಂಬುತ್ತಾರೆ. ಎರಡು ಮಳೆಗಾಲ ಮುಗಿಯುವಾಗ ಆ ನೋಟ್‌ಬುಕ್ ಹಿಡಿದು ಅರ್ಧ ಗಂಟೆ ಮಾತಾಡುವಷ್ಟು ವಿಷಯ ಅವಳಲ್ಲಿರುತ್ತದೆ.

ಗಜನಿಗದ್ದೆ
ಕರಾವಳಿಯ ಮಕ್ಕಳು ಇದನ್ನು ಓದುತ್ತಿದ್ದರೆ: ಕುಮಟಾ ಕಡೆಯವರಿಗೆ ಅಘನಾಶಿನಿ ಅಳಿವೆಯ ಉಪ್ಪುನೀರು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತ, ಅಳೆದು ಬರೆಯಲು ಇವೇ ಸಾಕು. ಲವಣಾಂಶ ಅಳೆಯುವುದಾದರೆ ಪ್ರತಿ ಸಲ ಅದೇ ಜಾಗ, ಭರತದ ಅದೇ ಹಂತ ಇರಬೇಕು. ಒಮ್ಮೆ ಭರತದಲ್ಲಿ, ಒಮ್ಮೆ ಇಳಿತದಲ್ಲಿ ಅಳೆದರೆ ಸಿಗುವ ಏರಿಳಿತ ಸಮುದ್ರದ್ದು, ಋತುಮಾನದ್ದಲ್ಲ. ಅಮಾವಾಸ್ಯೆಯ ದಿನ ಎಂದು ಗೊತ್ತು ಮಾಡಿಕೊಂಡರೆ ತಿಂಗಳಿಗೊಂದು ಅಳತೆ ತಪ್ಪದೆ ಸಿಗುತ್ತದೆ.

ಸಂದರ್ಶನದ ತಯಾರಿಗೆ ಇನ್ನೊಂದು ಮಾತು. ತಾಳಮದ್ದಲೆಗೆ (ವೇಷವಿಲ್ಲದ, ಮಾತಿನ ಯಕ್ಷಗಾನಕ್ಕೆ) ಹೇಗೂ ಹೋಗುತ್ತಾಳಲ್ಲ, ಅರ್ಥ ಹೇಳುವುದನ್ನೂ (ಪಾತ್ರದ ಮಾತು ಆಡುವುದನ್ನೂ) ಕಲಿಯಲಿ. ಎದುರಿನವರ ಮಾತು ಪೂರ್ತಿ ಕೇಳಿ, ಅದೇ ಎಳೆ ಹಿಡಿದು ಉತ್ತರಿಸುವುದು ಅಲ್ಲಿ ಬರುವಷ್ಟು ಚೆನ್ನಾಗಿ ಬೇರೆಲ್ಲೂ ಬರದು.

ತೋಟದಮನೆ
ಎಲ್ಲರಿಗೂ ಧನ್ಯವಾದ. ಪ್ಯಾಕೇಜ್ ಬೇಡ ಎಂದಾಯಿತು. ಎರಡು ಪ್ರಶ್ನೆ ಉಳಿದವು: ಉಪನ್ಯಾಸಕರ ಶಿಫಾರಸು ಪತ್ರ ಹೇಗೆ ಕೇಳುವುದು? ತೋಟದ ಆದಾಯಕ್ಕೆ ಫಾರ್ಮ್ 16 (ಸಂಬಳದಾರರಿಗೆ ಸಿಗುವ ತೆರಿಗೆ ಪತ್ರ) ಇಲ್ಲ, ನೆರವಿನ ಅರ್ಜಿಗೆ ಏನು ಕೊಡುವುದು?

ಮಳೆಮಾಪಕ
ಪತ್ರವನ್ನು ಎರಡನೇ ಪಿಯು ಶುರುವಾದ ಕೂಡಲೇ ಕೇಳಿ. ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬೇಗನೆ ಹಾಕುವವರಿಗೆ ಹಲವೆಡೆ ನವೆಂಬರ್ 1, ಉಳಿದವರಿಗೆ ಜನವರಿ ಮೊದಲ ವಾರದ ಆಸುಪಾಸು ಕೊನೆ ದಿನ. ಅದೇ ಹೊತ್ತಿಗೆ ಕೊನೆಕೊಯ್ಲು, ಪೂರ್ವಸಿದ್ಧತಾ ಪರೀಕ್ಷೆ. ಹಾಗಾಗಿ 650 ಪದದ ಪ್ರಬಂಧ ಗಣೇಶ ಚೌತಿಯ ಒಳಗೆ ಮುಗಿದಿರಲಿ.

'ಒಳ್ಳೆಯ ವಿದ್ಯಾರ್ಥಿನಿ, ಶಿಸ್ತಿನವಳು' ಎಂಬ ನಡತೆ ಪ್ರಮಾಣಪತ್ರದ ಭಾಷೆ ಅಲ್ಲಿ ನಡೆಯದು. ಲ್ಯಾಬ್‌ನಲ್ಲಿ ಏನು ಕೇಳಿದಳು, ಯಾವ ತಪ್ಪನ್ನು ಹೇಗೆ ತಿದ್ದಿಕೊಂಡಳು ಎಂಬ ಎರಡು ಮೂರು ಘಟನೆ ಬೇಕು. ಅವನ್ನು ನೆನಪಿಸುವ ಒಂದು ಪುಟದ ಟಿಪ್ಪಣಿ ಮಗಳು ಕೊಡಬಹುದು, ಪತ್ರವನ್ನು ಮಾತ್ರ ಅವಳು ಬರೆಯಬಾರದು. ಇಂಗ್ಲಿಷ್ ಕಷ್ಟವಾದರೆ ಉಪನ್ಯಾಸಕರು ಕನ್ನಡದಲ್ಲೇ ಬರೆಯಲಿ, ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರಿಂದ ಅನುವಾದಿಸಿ ಎರಡನ್ನೂ ಸೇರಿಸಿ.

ಕೋಡಿಬಾಗ
ಆದಾಯಕ್ಕೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ (ನಾಡಕಚೇರಿಯಲ್ಲಿ ಅರ್ಜಿ), ಪಹಣಿ, ಸೊಸೈಟಿಯಲ್ಲಿ ಅಡಿಕೆ ಮಾರಿದ ವರ್ಷದ ಲೆಕ್ಕ, ಬೆಳೆಸಾಲದ ವಿವರ, ಬ್ಯಾಂಕ್ ಪಾಸ್‌ಬುಕ್. ಇವುಗಳ ಜೊತೆ ಒಂದು ಪುಟದ ವಿವರಣೆ ಇರಲಿ: ಎಷ್ಟು ಎಕರೆ, ಎಷ್ಟು ಫಸಲು, ಕೊಳೆರೋಗದ ವರ್ಷ ಎಷ್ಟು ಇಳಿಯಿತು. ಆದಾಯ ಪ್ರಮಾಣಪತ್ರದ ಮೊತ್ತಕ್ಕೂ ಸೊಸೈಟಿ ಲೆಕ್ಕಕ್ಕೂ ತಾಳೆಯಾಗದಿದ್ದರೆ ಪ್ರಶ್ನೆ ಬರುತ್ತದೆ. ಸೊಸೈಟಿಯದು ಖರ್ಚು ಕಳೆಯದ ಮೊತ್ತ ಎಂದು ನೀವೇ ಮೊದಲು ಬರೆದುಬಿಡಿ.

ಅಮೆರಿಕಕ್ಕೆ ಹಾಕುವಾಗ ಇನ್ನೊಂದು ಎಚ್ಚರ. ನೆರವು ಕೇಳಿದ್ದನ್ನು ಆಯ್ಕೆಯ ವೇಳೆ ಗಣನೆಗೆ ತೆಗೆದುಕೊಳ್ಳದ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಮಟ್ಟಿಗೆ ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್‌ನಂಥವು. ಉಳಿದ ಹೆಚ್ಚಿನ ಕಡೆ ನೆರವು ಕೇಳಿದರೆ ಪೈಪೋಟಿ ಇನ್ನೂ ಬಿಗಿ. ಆದ್ದರಿಂದ ಸಿಇಟಿ ಓದು ಯಾವ ಕಾರಣಕ್ಕೂ ನಿಲ್ಲಬಾರದು. ಬಿಇಒ ಮೇಲುಸಹಿಯ ಕೆಲಸ ಈ ರಜೆಯಲ್ಲೇ ಮುಗಿಸಿ.